ಒಳಗಿನ ಕೋಣೆ, ಕಿಟಕಿ ಇಲ್ಲ

ರಾಬರ್ಟ್‌ಸನ್ ಪೇಟೆಯಲ್ಲಿ ಜೆನಿಟಾಳ ಟಿಕೆಟ್ ಅಂಗಡಿ.
ವೇಲಾಂಕಣಿ ಬಸ್ಸಿನ ದರಪಟ್ಟಿಯ ಪಕ್ಕ
ಒಂದು ಹಡಗಿನ ಚಿತ್ರ, ಅಡ್ಡ ಸೀಳಿದ ಹಲಸಿನ ಹಾಗೆ,
ತೊಳೆತೊಳೆಯಲ್ಲೂ ಒಂದೊಂದು ಹಾಸಿಗೆ.

ಚೀಟಿ ಎತ್ತಿದ ದುಡ್ಡು ನನ್ನದು.
ಪ್ರಶ್ನೆಗಳೂ ನನ್ನವೇ ಇರಲಿ ಅಂತ ಬರೆದುಕೊಂಡು ಹೋಗಿದ್ದೆ
ಬ್ಲೌಸಿನ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ.

ಕಿಟಕಿ ತೆಗೆಯೋಕೆ ಬರುತ್ತಾ?
ಇಲ್ಲ ಆಂಟಿ, ಗಾಜು ಅಷ್ಟೆ, ನೋಡಬಹುದು.
ಬಾಲ್ಕನಿಯಲ್ಲಿ ಸೀರೆ ಒಣಗಿಸಬಹುದಾ?
ನಕ್ಕಳು. ನಗು ಉತ್ತರವಲ್ಲ ಅಂದೆ.
ಇದೇನು, ಅರ್ಧ ಮರೆಯಾದ ನೋಟ ಅಂದರೆ?
ಕಿಟಕಿಯ ಮುಂದೆ ಜೀವ ಉಳಿಸುವ ದೋಣಿ ನೇತಾಡುತ್ತೆ,
ಅದಕ್ಕೇ ಎರಡು ಸಾವಿರ ಕಮ್ಮಿ.
ಮುಳುಗಿದರೆ ಮೊದಲು ನಮಗೇ ಸಿಗುತ್ತಲ್ಲ,
ಅದಕ್ಕೆ ಜಾಸ್ತಿ ತಗೋಬೇಕಿತ್ತು
ಅಂದರು ಇವರು, ಅಷ್ಟು ಹೊತ್ತು ಸುಮ್ಮನಿದ್ದವರು.

ಆಮೇಲೆ ಚಿತ್ರದ ಬುಡಕ್ಕೆ ಬೆರಳಿಟ್ಟರು,
ನೀರಿನ ಗೆರೆಗೂ ಕೆಳಗಿನ ಸಾಲಿಗೆ.
ಇಲ್ಲಿ ಎಷ್ಟು?
ಅದು ಒಳಗಿನ ಕೋಣೆ ದೊರೈಕಣ್ಣು ಅಂಕಲ್, ಕಿಟಕಿನೇ ಇರಲ್ಲ.
ಇಂಜಿನ್ ಸದ್ದು ಬರುತ್ತೆ. ಓಲಾಟ ಮಾತ್ರ ಕಮ್ಮಿ.
ಕೆಳಕ್ಕೆ ಹೋದಷ್ಟೂ ದರ ಇಳಿಯುತ್ತೆ.

ಕೆಳಕ್ಕೆ ಹೋದಷ್ಟೂ.
ಇಪ್ಪತ್ತಾರು ವರ್ಷ ಗಣಿಯ ಬಾಯಲ್ಲಿ ಕೂತು
ವೈಂಡಿಂಗ್ ಇಂಜಿನ್ ನಡೆಸಿದವರು ಇವರು.
ಎರಡು ಗಂಟೆ ಬಡಿದರೆ ಇಳಿಸು. ಒಂದು, ನಿಲ್ಲಿಸು.
ಮೂರು ಬಡಿದರೆ ಬೋನಿನಲ್ಲಿರುವುದು ಅದಿರಲ್ಲ, ಮನುಷ್ಯರು,
ನಿಧಾನ.
ಉಕ್ಕಿನ ಹಗ್ಗದ ತುದಿಯಲ್ಲಿ ಊರಿನ ಅರ್ಧ ಗಂಡಸರನ್ನು
ಕತ್ತಲೆಗೆ ಬಿಟ್ಟು, ಮತ್ತೆ ಎಳೆದು ತಂದು,
ಮನೆಗೆ ಬಂದು ಕೈ ತೊಳೆದು ಮುದ್ದೆ ಮುರಿದವರು.
ತಾವು ಒಂದು ಸಲವೂ ಇಳಿಯಲಿಲ್ಲ.
ಮೇಲಿನ ಕೆಲಸದವನಿಗೆ ಕೆಳಗೇನು ಕೆಲಸ ಅನ್ನುತ್ತಿದ್ದರು.
ಗಣಿ ಮುಚ್ಚಿತು. ನಾನೂ ಮತ್ತೆ ಕೇಳಲಿಲ್ಲ.

ಮನೆಗೆ ಬಂದವಳೇ ಟೇಪು ಹಿಡಿದೆ.
ಹಡಗಿನ ಒಳಗಿನ ಕೋಣೆ ನೂರೈವತ್ತು ಚದರಡಿ,
ಸ್ವಲ್ಪ ಇಕ್ಕಟ್ಟು ಆಂಟಿ ಅಂದಿದ್ದಳು ಜೆನಿಟಾ.
ನಮ್ಮ ಲೈನ್ ಮನೆಯ ಮುಂದಿನ ಕೋಣೆ ನೂರಾ ಹತ್ತು.
ಇದರಲ್ಲೇ ಮೂರು ಹೆರಿಗೆ, ಅತ್ತೆಯ ಸಾವು,
ಹೊಲಿಗೆ ಮೆಷಿನ್ನು, ಮಳೆಗಾಲಕ್ಕೆ ಒಂದು ಮೇಕೆ.

ವಾರ ಕಳೆದು ಫೋನಿಗೆ ಸಂದೇಶ:
ಅಪ್‌ಗ್ರೇಡ್ ಬೇಕಾ? ಕಿಟಕಿಗೆ ಎಷ್ಟು ಕೊಡುತ್ತೀರಿ, ನೀವೇ ಹೇಳಿ.
ಟೊಮೆಟೊ ಮಂಡಿಯ ಹರಾಜಿನ ಹಾಗೇ,
ಪಕ್ಕದವನು ಕೂಗಿದ ಬೆಲೆ ಮಾತ್ರ ಕೇಳಿಸುವುದಿಲ್ಲ.
ತಲೆಗೋ, ಕೋಣೆಗೋ? ತಲೆಗೆ.
ಸೋತರೆ ದುಡ್ಡು? ಕತ್ತರಿಸುವುದೇ ಇಲ್ಲ.
ಗೆದ್ದ ಮೇಲೆ ಬೇಡ ಅನ್ನಬಹುದಾ?
ಆಗಲ್ಲ ಆಂಟಿ.
ಒತ್ತಬೇಕೆಂದಿದ್ದ ಬೆರಳು ಅಲ್ಲೇ ನಿಂತಿತು.

ಆ ರಾತ್ರಿ ಇವರು ಕಿಟಕಿಗೆ ಕಂಬಳಿ ಕಟ್ಟಿದರು,
ಬಾಗಿಲ ಸಂದಿಗೆ ಗೋಣಿ ತುರುಕಿದರು.
ನೋಡೋಣ, ನಿನಗೆ ಉಸಿರು ಕಟ್ಟುತ್ತೋ ಏನೋ.
ನನ್ನ ನೆಪ ಅವರಿಗೆ.
ಫ್ಯಾನು ಇಂಜಿನ್ನಿನ ಪಾತ್ರಕ್ಕೆ ಬಂತು.
ಹೊರಗೆ ಸೈನೈಡ್ ದಿಬ್ಬದ ಮೇಲೆ ಗಾಳಿ ಬೀಸುತ್ತಿರಬೇಕು,
ಬೆಳಿಗ್ಗೆ ತುಳಸಿ ಎಲೆಯ ಮೇಲೆ ಬೂದಿಬಣ್ಣ ಇರುತ್ತದೆ.
ಕಣ್ಣು ಮುಚ್ಚಿದರೂ ಒಂದೇ, ಬಿಟ್ಟರೂ ಒಂದೇ.

ಎಷ್ಟೋ ಹೊತ್ತಿನ ಮೇಲೆ ಮಂಚದ ಕಬ್ಬಿಣಕ್ಕೆ
ಇವರ ಬೆರಳಗೆಣ್ಣು ತಾಕಿತು.
ಟಣ್. ಟಣ್. ಟಣ್.
ಕಿವಿಗೊಟ್ಟು ಮಲಗಿದ್ದೆ,
ಇಳಿಸು ಅನ್ನುತ್ತಾರೋ, ಎತ್ತು ಅನ್ನುತ್ತಾರೋ.
ಮುಂದಿನದು ಬರಲಿಲ್ಲ.
ಕತ್ತಲಲ್ಲಿ ಅವರ ಕೈ ಹುಡುಕಿದೆ, ಬೆವೆತಿತ್ತು,
ಹಿಡಿಕೆ ಹಿಡಿದ ಹಾಗೆ ಮಡಚಿಕೊಂಡಿತ್ತು.

ಹಾಲಿನವನ ಸೈಕಲ್ ಬೆಲ್ಲು ಬೆಳಗಾಯಿತೆಂದು ಹೇಳಿತು.
ಕಂಬಳಿ ಬಿಚ್ಚಲು ಇಬ್ಬರೂ ಏಳಲಿಲ್ಲ.
ಆಮೇಲೆ ಅಳತೆ ಪುಸ್ತಕದಲ್ಲಿ ಜೆನಿಟಾಳಿಗೆ ಇನ್ನೊಂದು ಬರೆದೆ,
ಮೂವತ್ತೆಂಟು ಎದೆ, ಹದಿನಾಲ್ಕು ತೋಳಿನ ಕೆಳಗೆ:

ಒಳಗಿನ ಕೋಣೆಯೇ ಇರಲಿ.
ನಡುರಾತ್ರಿ ಎದ್ದರೆ ಮೇಲಿನ ಡೆಕ್ಕಿಗೆ ಲಿಫ್ಟು ಇದೆಯಾ?
ಅದನ್ನು ನಡೆಸುವವರು ಯಾರು?